ನೆಲವೇ ಡೊಂಕಾಗಿದ್ರೆ ಕುಣಿಯೋದು ಹೆಂಗೆ ಸ್ವಾಮಿ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ನಿಮಗೆಲ್ಲ ಗೊತ್ತಿರೋದೇ. ಆದ್ರೆ ಈ ಗಾದೆ ಹೇಳಿ ನಕ್ಕವರಲ್ಲಿ ಒಬ್ಬರಾದ್ರೂ ಬಗ್ಗಿ ಆ ನೆಲವನ್ನ ನೋಡಿದ್ರಾ ಅನ್ನೋದು ನನ್ನ ಅನುಮಾನ. ಯಾಕಂದ್ರೆ ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್ ಜಿಮ್ಮುಗಳಲ್ಲಿ ದಿನಾ ಬೆಳಿಗ್ಗೆ ನಡೀತಿರೋದು ಇದೇ ನಾಟಕ. ಎಲಿಪ್ಟಿಕಲ್ ಮಷಿನ್ ಹತ್ತಿದ ಹತ್ತು ನಿಮಿಷಕ್ಕೆ ಕಾಲ್ಬೆರಳು ಜೋಮು ಹಿಡಿಯುತ್ತೆ. ಅಂಗಾಲು ಉರಿಯುತ್ತೆ. ಕೆಲವರಿಗೆ ಮಂಡಿಯ ಪಕ್ಕದಲ್ಲಿ ಚಳಕು. ಹೇಳಿಕೊಂಡ್ರೆ ಸಿಗೋ ಉತ್ತರ: ನಿಮ್ಮ ಶೂ ಸರಿ ಇಲ್ಲ, ನೀವು ನಿಂತಿರೋ ರೀತಿ ಸರಿ ಇಲ್ಲ, ನಿಮ್ಮ ತೂಕ ಜಾಸ್ತಿ, ನಿಮಗೆ ಅಭ್ಯಾಸ ಇಲ್ಲ. ಪೆಡಲ್ ಸರಿ ಇಲ್ಲ ಅಂತ ಮಾತ್ರ ಯಾರೂ ಬಾಯಿ ಬಿಡಲ್ಲ.

ಹಾಗಾಗಿ ಇವತ್ತು ನಾನೇ ಬಾಯಿ ಬಿಡ್ತೀನಿ. ನೆಲ ಡೊಂಕಾಗಿದೆ ಸ್ವಾಮಿ. ಅಳತೆ ಹಿಡಿದು ತೋರಿಸ್ತೀನಿ, ಓದಿ.

ಮೊದಲು ಎರಡು ಮಾತು ಈ ಮಷಿನ್ ಬಗ್ಗೆ, ಗೊತ್ತಿಲ್ಲದವರಿಗಾಗಿ. ಟ್ರೆಡ್‌ಮಿಲ್ ಗೊತ್ತು, ಎಕ್ಸರ್‌ಸೈಜ್ ಸೈಕಲ್ ಗೊತ್ತು. ಇವೆರಡರ ನಡುವಿನ ಪ್ರಾಣಿ ಎಲಿಪ್ಟಿಕಲ್. ಎರಡು ಪೆಡಲ್ ಮೇಲೆ ನಿಂತು, ಕೈಲಿ ಎರಡು ಹಿಡಿ ಹಿಡಿದು ಹಿಂದೆ ಮುಂದೆ ಆಡ್ತಾ ಹೋಗೋದು. ಪಾದ ಗಾಳಿಯಲ್ಲಿ ಒಂದು ಚಪ್ಪಟೆ ಮೊಟ್ಟೆಯಾಕಾರ ಬರೀತಾ ಇರುತ್ತೆ. 1995ರಲ್ಲಿ ಅಮೆರಿಕದ ಪ್ರಿಕೋರ್ ಕಂಪನಿ ಇದನ್ನ ಮಾರುಕಟ್ಟೆಗೆ ತಂತು. ಇದರ ಹಿಂದಿನ ಕಥೆ ಅಂತ ಎಲ್ಲರೂ ಹೇಳೋದು ಹೀಗೆ: ಜನರಲ್ ಮೋಟರ್ಸ್‌ನಲ್ಲಿ ಕೆಲಸ ಮಾಡಿದ್ದ ಲ್ಯಾರಿ ಮಿಲ್ಲರ್ ಅನ್ನೋ ಎಂಜಿನಿಯರ್, ತನ್ನ ಮಗಳು ಓಡೋದನ್ನ ವಿಡಿಯೋ ಮಾಡಿ, ಅವಳ ಪಾದ ಯಾವ ದಾರಿಯಲ್ಲಿ ಹೋಗಿ ಬರುತ್ತೆ ಅಂತ ಗೆರೆ ಎಳೆದು ನೋಡಿ, ಆ ಗೆರೆಗೆ ತಕ್ಕ ಹಾಗೆ ಮಷಿನ್ ಮಾಡಿದ.

ಈ ಕಥೆ ನಂಗೆ ತುಂಬಾ ಇಷ್ಟ. ಒಬ್ಬ ಅಪ್ಪ ಮಗಳ ಪಾದವನ್ನ ಗಮನ ಇಟ್ಟು ನೋಡಿದ್ದರಿಂದ ಹುಟ್ಟಿದ ಮಷಿನ್ ಇದು. ಇವತ್ತು ಇದನ್ನ ಮಾಡೋರು, ಮಾರೋರು, ಕೊಳ್ಳೋರು ಎಲ್ಲ ಸೇರಿ ಪಾದ ಒಂದನ್ನ ಬಿಟ್ಟು ಉಳಿದದ್ದೆಲ್ಲ ನೋಡ್ತಾರೆ. ನನ್ನ ಸಿಟ್ಟು ಅದಕ್ಕೇ.

ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್‌ಗೆ ಬಂದು ಬಿದ್ದ ನನ್ನಂಥವರಿಗೆ ಕೈನಮ್ಯಾಟಿಕ್ಸ್ ಅನ್ನೋ ಸಬ್ಜೆಕ್ಟ್ ನೆನಪಿರಬೇಕು. ಎಲಿಪ್ಟಿಕಲ್ ಟ್ರ್ಯಾಮೆಲ್ ಅಂತ ಚಿತ್ರ ಬರೆದು ಮಾರ್ಕ್ಸ್ ತಗೊಂಡಿರ್ತೀವಿ :-) ಈ ಮಷಿನ್ ಒಳಗಿರೋದು ಟ್ರ್ಯಾಮೆಲ್ ಅಲ್ಲ. ಸಾಮಾನ್ಯವಾಗಿ ಒಂದು ಉದ್ದನೆ ತೋಳು. ಅದರ ಒಂದು ತುದಿ ಕ್ರ್ಯಾಂಕ್ ಜೊತೆ ವೃತ್ತದಲ್ಲಿ ತಿರುಗುತ್ತೆ, ಇನ್ನೊಂದು ತುದಿ ಹಳಿ ಮೇಲೋ ತೂಗಾಡುವ ಇನ್ನೊಂದು ತೋಳಿನ ಜೊತೆಗೋ ಹಿಂದೆ ಮುಂದೆ ಆಡುತ್ತೆ. ನಡುವಿನ ಯಾವುದೇ ಬಿಂದು ಹಿಡಿದರೂ ಮೊಟ್ಟೆಯಾಕಾರ ಸಿಗುತ್ತೆ. ಆ ನಡುವೆ ಎಲ್ಲೋ ಒಂದು ಕಡೆ ಪೆಡಲ್ ಕೂರಿಸ್ತಾರೆ.

ಇಲ್ಲಿಂದ ಮುಂದೆ ನನ್ನ ವಾದ ಶುರು. ರಸ್ತೆಯಲ್ಲಿ ನಡೆಯೋವಾಗ ಪಾದ ಎಲ್ಲಿ ಇಡಬೇಕು ಅಂತ ತೀರ್ಮಾನ ಮಾಡೋದು ನೀವು. ಟ್ರೆಡ್‌ಮಿಲ್ ಮೇಲೂ ಅಷ್ಟೇ, ಬೆಲ್ಟ್ ಓಡುತ್ತೆ, ಹೆಜ್ಜೆ ನಿಮ್ಮದು. ಸೈಕಲ್‌ನಲ್ಲಿ ಪೆಡಲ್ ದಾರಿ ಮಷಿನ್ನಿಂದೇ, ಆದ್ರೆ ದೇಹದ ತೂಕದ ಬಹುಪಾಲು ಸೀಟ್ ಮೇಲಿರುತ್ತೆ. ಎಲಿಪ್ಟಿಕಲ್‌ನಲ್ಲಿ ಮಾತ್ರ ತೂಕ ಪೂರ್ತಿ ಪಾದದ ಮೇಲೆ, ಪಾದದ ದಾರಿ ಪೂರ್ತಿ ಮಷಿನ್ ಕೈಯಲ್ಲಿ. ಎರಡು ಪಾದದ ನಡುವೆ ಎಷ್ಟು ಅಂತರ, ಹೆಜ್ಜೆ ಎಷ್ಟುದ್ದ, ಪಾದ ಎಷ್ಟು ವಾಲಬೇಕು, ಎಲ್ಲವನ್ನೂ ಫ್ಯಾಕ್ಟರಿಯಲ್ಲಿ ಯಾರೋ ತೀರ್ಮಾನ ಮಾಡಿ ಬೋಲ್ಟ್ ಹಾಕಿ ಕಳಿಸಿರ್ತಾರೆ. ಅಂದಮೇಲೆ ಪೆಡಲ್ ಅಂದ್ರೆ ಈ ಮಷಿನ್ನಿನ ಬಿಡಿಭಾಗ ಅಲ್ಲ. ಹತ್ತಿದವನಿಗೆ ಅದೇ ನೆಲ.

ನಿಮಿಷಕ್ಕೆ 60 ಸುತ್ತಿನ ಲೆಕ್ಕ ಹಿಡಿಯಿರಿ. ಅರ್ಧ ಗಂಟೆಗೆ 1800 ಸುತ್ತು. ವಾರಕ್ಕೆ ಐದು ದಿನ ಅಂದ್ರೆ 9000. ರಸ್ತೆಯಲ್ಲಿ 9000 ಹೆಜ್ಜೆ ಇಟ್ಟರೆ ಒಂದೊಂದು ಹೆಜ್ಜೆಯೂ ಸ್ವಲ್ಪ ಬೇರೆ ಬೇರೆ ಥರ ಬೀಳುತ್ತೆ. ಇಲ್ಲಿ 9000 ಸಲವೂ ಅದೇ ದಾರಿ, ಅದೇ ಕೋನ, ಹೆಚ್ಚುಕಮ್ಮಿ ಅದೇ ಜಾಗದ ಮೇಲೆ ಒತ್ತಡ. ಒಂದು ಸಣ್ಣ ತಪ್ಪನ್ನ ಲೂಪ್ ಒಳಗೆ ಹಾಕಿದ್ರೆ ಏನಾಗುತ್ತೆ ಅಂತ ಕೋಡ್ ಬರೆಯೋರಿಗೆ ನಾನು ಹೇಳಬೇಕಾಗಿಲ್ಲ.

ಈಗ ಒಂದೊಂದಾಗಿ ನೋಡೋಣ.

ಒಂದು, ಪೆಡಲ್‌ಗಳ ನಡುವಿನ ಅಂತರ. ನಾವು ನಡೆಯೋವಾಗ ಎರಡು ಪಾದದ ಮಧ್ಯರೇಖೆಗಳ ನಡುವೆ ಅಡ್ಡಡ್ಡಲಾಗಿ ಸುಮಾರು 10 ಸೆಂಟಿಮೀಟರ್ ಇರುತ್ತೆ. ಓಡೋವಾಗ ಇನ್ನೂ ಕಮ್ಮಿ, ಹೆಚ್ಚುಕಮ್ಮಿ ಒಂದೇ ಗೆರೆ ಮೇಲೆ. ಎಲಿಪ್ಟಿಕಲ್‌ನಲ್ಲಿ ಎರಡು ಕಾಲಿನ ನಡುವೆ ಚೌಕಟ್ಟು, ಹಳಿ, ಕೆಲವದರಲ್ಲಿ ಚಕ್ರವೇ ಬಂದು ಕೂತಿರುತ್ತೆ. ಒಂದು ಉದಾಹರಣೆ ಲೆಕ್ಕ ಮಾಡೋಣ. ಪೆಡಲ್‌ಗಳ ಒಳ ಅಂಚುಗಳ ನಡುವೆ 10 ಸೆಂಟಿಮೀಟರ್ ಜಾಗ, ಒಂದೊಂದು ಪೆಡಲ್ 15 ಸೆಂಟಿಮೀಟರ್ ಅಗಲ ಅಂತಿಟ್ಟುಕೊಳ್ಳಿ. ಪೆಡಲ್ ಮಧ್ಯದಲ್ಲಿ ನಿಂತರೆ ಪಾದಗಳ ಅಂತರ 25 ಸೆಂಟಿಮೀಟರ್. ಸೊಂಟದ ಎರಡು ಕೀಲುಗಳ ನಡುವೆ ಸುಮಾರು 17 ಸೆಂಟಿಮೀಟರ್, ಕಾಲಿನ ಉದ್ದ 80 ಅಂತಿಟ್ಟುಕೊಂಡ್ರೆ, ಒಂದೊಂದು ಕಾಲೂ 4 ಸೆಂಟಿಮೀಟರ್ ಹೊರಕ್ಕೆ, ಅಂದ್ರೆ ಸುಮಾರು 3 ಡಿಗ್ರಿ ಹೊರಕ್ಕೆ ವಾಲಿರುತ್ತೆ. ನಡೆಯೋವಾಗ ಇದೇ ಕಾಲು ಸುಮಾರು 2.5 ಡಿಗ್ರಿ ಒಳಕ್ಕೆ ವಾಲಿರುತ್ತೆ. ಒಟ್ಟು ವ್ಯತ್ಯಾಸ ಐದು ಡಿಗ್ರಿಗಿಂತ ಜಾಸ್ತಿ ಆಯ್ತು!

ಕಾಲು ಹೊರಕ್ಕೆ ವಾಲಿದಾಗ ಚಪ್ಪಟೆ ಪೆಡಲ್ ಮೇಲೆ ಪಾದದ ಒಳ ಅಂಚು ಮೊದಲು ಒತ್ತುತ್ತೆ. ಹೊರ ಅಂಚನ್ನ ಕೆಳಗೆ ಕೂರಿಸೋಕೆ ಪಾದದ ಕೀಲು ತಿರುಚಿಕೊಳ್ಳಬೇಕು. ಜೊತೆಗೆ ತೂಕ ಎಡಕ್ಕೆ ಬಲಕ್ಕೆ ಸಾಗಿಸೋಕೆ ಇಡೀ ಮೈ ಬಾತುಕೋಳಿ ಥರ ಓಲಾಡಬೇಕು. ಅದಕ್ಕೇ ಕೆಲವು ಕಂಪನಿಯವರು ಪೆಡಲನ್ನ ಒಳಗಡೆಗೆ ಸ್ವಲ್ಪ ಇಳಿಜಾರು ಮಾಡಿರ್ತಾರೆ. ಸೋಲ್ ಅನ್ನೋ ಅಮೆರಿಕನ್ ಬ್ರ್ಯಾಂಡ್ 2 ಡಿಗ್ರಿ ಒಳವಾಲು ಅಂತ ಜಾಹೀರಾತಲ್ಲೇ ಹಾಕುತ್ತೆ. ಅಂದ್ರೆ ಸಮಸ್ಯೆ ಇದೆ ಅನ್ನೋದು ಮಾಡೋರಿಗೆ ಗೊತ್ತಿದೆ. ಗೊತ್ತಿಲ್ಲದೇ ಇರೋದು ಕೊಳ್ಳೋರಿಗೆ.

ಇನ್ನೊಂದು ತಮಾಷೆ ನೋಡಿ. "ದೊಡ್ಡ ಪೆಡಲ್, ಆರಾಮಾಗಿ ನಿಲ್ಲಿ" ಅಂತ ಜಾಹೀರಾತು ಇರುತ್ತೆ. ಪೆಡಲ್ ಅಗಲ ಜಾಸ್ತಿ ಆದಷ್ಟೂ ಅದರ ಮಧ್ಯ ದೂರ ದೂರ ಹೋಗುತ್ತೆ. ಮಧ್ಯದಲ್ಲಿ ನಿಂತವನ ಕಾಲು ಇನ್ನೂ ಅಗಲ! ಒಳ ಅಂಚಿಗೆ ಒತ್ತಿ ನಿಂತರೆ ಮಾತ್ರ ಲಾಭ. ಇದನ್ನ ಯಾವ ಸೇಲ್ಸ್‌ಮನ್ ಹೇಳ್ತಾನೆ?

ಎರಡು, ಹೆಜ್ಜೆಯ ಉದ್ದ. ಮನೆಗೆ ತರೋ ಸಣ್ಣ ಮಷಿನ್‌ಗಳಲ್ಲಿ 14ರಿಂದ 18 ಇಂಚು, ಜಿಮ್ಮಿನ ದೊಡ್ಡವುಗಳಲ್ಲಿ 18ರಿಂದ 22 ಇಂಚು ಸಾಮಾನ್ಯ. ಬಹುತೇಕ ಮಷಿನ್‌ಗಳಲ್ಲಿ ಇದನ್ನ ಬದಲಾಯಿಸೋಕೆ ಆಗಲ್ಲ. ಭಾರತದ ಹೆಣ್ಣುಮಕ್ಕಳ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್, ಅಂದ್ರೆ ಐದಡಿ. ಐದಡಿಯ ಹೆಂಗಸನ್ನ 20 ಇಂಚಿನ ಹೆಜ್ಜೆ ಮೇಲೆ ನಿಲ್ಲಿಸಿದ್ರೆ ಪೆಡಲ್ ಹಿಂದೆ ಹೋದಾಗ ಹಿಮ್ಮಡಿ ಮೇಲೇಳುತ್ತೆ, ಪೂರ್ತಿ ತೂಕ ಬೆರಳ ಬುಡಕ್ಕೆ ಬೀಳುತ್ತೆ. ಅದೇ ಆರಡಿ ಮನುಷ್ಯನನ್ನ 14 ಇಂಚಿನ ಮೇಲೆ ನಿಲ್ಲಿಸಿದ್ರೆ ಮಂಡಿ ಮಡಚಿಕೊಂಡೇ ಮೆಟ್ಟಿಲು ತುಳಿದ ಹಾಗಾಗುತ್ತೆ. ಇಬ್ಬರಿಗೂ ಬೈಗುಳ ಮಾತ್ರ ಒಂದೇ: "ನಿಮ್ಮ ಪೋಸ್ಚರ್ ಸರಿ ಇಲ್ಲ."

ಮೂರು, ಪೆಡಲ್ ಕೋನ. ಪೆಡಲ್ ಆ ತೋಳಿಗೇ ಗಟ್ಟಿಯಾಗಿ ಕೂತಿದ್ರೆ, ತೋಳು ವಾಲಿದಂತೆಲ್ಲ ಪೆಡಲ್ಲೂ ವಾಲುತ್ತೆ. ಬೆರಳ ಕಡೆ ತಗ್ಗಿದಾಗಲೆಲ್ಲ ಪಾದ ಶೂ ಒಳಗೆ ಮುಂದಕ್ಕೆ ಜಾರುತ್ತೆ. ಕೆಲವು ದುಬಾರಿ ಮಷಿನ್‌ಗಳಲ್ಲಿ ಪೆಡಲ್ ಕೋನ ಹೊಂದಿಸಿಕೊಳ್ಳೋ ವ್ಯವಸ್ಥೆ ಇರುತ್ತೆ. ಅಗ್ಗದವುಗಳಲ್ಲಿ ಬೋಲ್ಟ್ ಹಾಕಿದ್ದೇ ಹಣೆಬರಹ. ನಮ್ಮ ಟೈಲರ್ ಅಂಗಡಿಯ ಹೊಲಿಗೆ ಮಷಿನ್ ನೆನಪು ಮಾಡಿಕೊಳ್ಳಿ. ಅಗಲವಾದ ಕಬ್ಬಿಣದ ಪೆಡಲ್, ಪಾದ ಎಲ್ಲಿ ಬೇಕಾದ್ರೂ ಇಡಬಹುದು, ಹಿಮ್ಮಡಿ ಬೆರಳು ಎರಡರಿಂದಲೂ ತುಳಿಯಬಹುದು. ಕಾಲು ಸೋತ್ರೆ ಜಾಗ ಬದಲಾಯಿಸಬಹುದು. ಬ್ಲೂಟೂತ್ ಇಲ್ಲ ಪಾಪ :-)

ನಾಲ್ಕು, ಎಲ್ಲಕ್ಕಿಂತ ಮುಖ್ಯವಾದದ್ದು: ಪಾದಕ್ಕೆ ಬಿಡುವೇ ಇಲ್ಲ. ನಡಿಗೆಯ ಒಂದು ಸುತ್ತಿನಲ್ಲಿ ಒಂದು ಪಾದ ಸುಮಾರು 60 ಭಾಗ ನೆಲದ ಮೇಲಿರುತ್ತೆ, 40 ಭಾಗ ಗಾಳಿಯಲ್ಲಿರುತ್ತೆ. ಆ 40 ಭಾಗದಲ್ಲಿ ಒತ್ತಡ ಬಿಡುಗಡೆಯಾಗುತ್ತೆ, ಬೆರಳು ಸಡಿಲವಾಗುತ್ತೆ. ಎಲಿಪ್ಟಿಕಲ್‌ನಲ್ಲಿ ಪಾದ ಪೆಡಲ್ ಬಿಟ್ಟು ಏಳೋದೇ ಇಲ್ಲ. "ಇಂಪ್ಯಾಕ್ಟ್ ಇಲ್ಲ" ಅಂತ ಹೆಮ್ಮೆಯಿಂದ ಹೇಳ್ತಾರಲ್ಲ, ಅದರ ಇನ್ನೊಂದು ಮುಖ ಇದು. ಬೆರಳುಗಳಿಗೆ ಹೋಗೋ ನರಗಳು ಪಾದದ ಮುಂಭಾಗದ ಉದ್ದ ಮೂಳೆಗಳ ಸಂದಿಯಲ್ಲೇ ಹಾದು ಹೋಗುತ್ತವೆ. ತೂಕ ಅಲ್ಲೇ ಕೂತಿರುತ್ತೆ, ವ್ಯಾಯಾಮದ ಬಿಸಿಗೆ ಪಾದ ಸ್ವಲ್ಪ ಊದಿಕೊಳ್ಳುತ್ತೆ, ಶೂ ಲೇಸು ಬಿಗಿ. ನರ ಅದುಮಿಕೊಂಡು ಜೋಮು ಹಿಡಿಯುತ್ತೆ. ಇದರಲ್ಲಿ ಜೋಮು ಹಿಡಿದವರ ಸೋಮಾರಿತನ ಎಲ್ಲಿ ಬಂತು?

ಹಾಗಂತ ಎಲಿಪ್ಟಿಕಲ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. 2007ರಲ್ಲಿ ತೈವಾನಿನ ಸಂಶೋಧಕರು ನಡಿಗೆಗೂ ಎಲಿಪ್ಟಿಕಲ್‌ಗೂ ಹೋಲಿಸಿ ಅಳೆದು ನೋಡಿದ್ರು. ಪಾದ ಊರಿದಾಗ ಭಾರ ಏರುವ ವೇಗ ಎಲಿಪ್ಟಿಕಲ್‌ನಲ್ಲಿ ಕಮ್ಮಿ, ಅದು ಒಳ್ಳೇದು. ಆದ್ರೆ ಮಂಡಿ ಮತ್ತು ಸೊಂಟದ ಸ್ನಾಯುಗಳ ಮೇಲಿನ ಬೇಡಿಕೆ ಕೆಲವು ಕಡೆ ನಡಿಗೆಗಿಂತ ಜಾಸ್ತಿ. ಪೆಟ್ಟು ಕಮ್ಮಿ ಅಂದಮಾತ್ರಕ್ಕೆ ಎಲ್ಲ ಸುಖ ಅಂತಲ್ಲ ಅನ್ನೋದಷ್ಟೇ ನನ್ನ ತಕರಾರು.

ಇದು ಸುಮ್ಮನೆ ಕಾಲು ನೋವಿನ ಗೋಳು ಅಂದುಕೊಳ್ಳಬೇಡಿ. ಈ ಮಷಿನ್ ಹತ್ತೋರು ಯಾರು ನೋಡಿ. ಸಿಕ್ಸ್ ಪ್ಯಾಕ್ ಹುಡುಗರು ಡಂಬೆಲ್ ಕಡೆ ಇರ್ತಾರೆ. ಎಲಿಪ್ಟಿಕಲ್ ಮೇಲೆ ಇರೋದು ಮಂಡಿ ನೋವಿನವರು, ಐವತ್ತು ದಾಟಿದವರು, ಡಾಕ್ಟರು "ಓಡಬೇಡಿ, ಆದ್ರೆ ಕೂತ್ಕೋಬೇಡಿ" ಅಂತ ಹೇಳಿ ಕಳಿಸಿದವರು. ನಮ್ಮ ಮೂರನೇ ಮಹಡಿಯ ಆಂಟಿ ಹಾಗೇ ಶುರು ಮಾಡಿದ್ದು. ಎರಡನೇ ವಾರಕ್ಕೆ ಬಲಗಾಲಿನ ಬೆರಳು ಜೋಮು ಅಂದ್ರು. ಟ್ರೇನರ್ ಹುಡುಗ "ಸ್ಟಾರ್ಟಿಂಗಲ್ಲಿ ಹಂಗೇ ಮೇಡಂ, ಅಭ್ಯಾಸ ಆಗತ್ತೆ" ಅಂದ. ಮೂರನೇ ವಾರಕ್ಕೆ ಅವರು ಬರೋದೇ ನಿಲ್ಲಿಸಿದ್ರು. "ನನ್ನ ಕಾಲಿಗೆ ಅದೆಲ್ಲ ಆಗಿಬರಲ್ಲಪ್ಪ" ಅಂತ ತಮ್ಮ ಕಾಲನ್ನೇ ಬೈಕೊಂಡ್ರು. ಆ ಮಷಿನ್ನಿನ ಪೆಡಲ್ ಅಂತರ ನಾನು ಅಳೆದೆ, ಮಧ್ಯದಿಂದ ಮಧ್ಯಕ್ಕೆ 27 ಸೆಂಟಿಮೀಟರ್ ಇತ್ತು. ಅವರ ಎತ್ತರ ಐದಡಿಗೂ ಒಂದಿಂಚು ಕಮ್ಮಿ. ಯಾರ ತಪ್ಪು ಅಂತ ನೀವೇ ಹೇಳಿ.

ಇನ್ನು ಸಕ್ಕರೆ ಕಾಯಿಲೆ. 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನದ ಅಂದಾಜು ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಅವರಿಗೆಲ್ಲ ಮೊದಲ ಔಷಧಿ ವ್ಯಾಯಾಮ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಮಧುಮೇಹ ಹಳೆಯದಾದ ಹಾಗೆ ಪಾದದ ನರಗಳು ದುರ್ಬಲವಾಗೋದು, ಗುಳ್ಳೆ ಎದ್ದರೂ ಗೊತ್ತಾಗದೇ ಇರೋದು, ಅದು ಹುಣ್ಣಾಗೋದು ಎಷ್ಟು ಮನೆಗಳಲ್ಲಿ ನೋಡಿಲ್ಲ ನಾವು? ಅಂಥವರಿಗೆ ಬೆರಳು ಜೋಮು ಹಿಡಿಯೋದು ಒಂದು ಎಚ್ಚರಿಕೆ ಗಂಟೆ. ಆ ಗಂಟೆ ಹೊಡೆದಾಗ "ಅಭ್ಯಾಸ ಆಗತ್ತೆ" ಅನ್ನೋದು ಅಜ್ಞಾನ ಮಾತ್ರ ಅಲ್ಲ, ಅಪಾಯ. ಮಷಿನ್ ಇಳಿದ ಮೇಲೂ ಜೋಮು ಹೋಗಲಿಲ್ಲ ಅಂದ್ರೆ ಟ್ರೇನರ್ ಹತ್ರ ಅಲ್ಲ, ಡಾಕ್ಟರ್ ಹತ್ರ ಹೋಗಬೇಕು.

ಈಗ ಅಂಗಡಿಗೆ ಬನ್ನಿ. ಬ್ರೋಶರ್ ತೆಗೆದು ನೋಡಿ. ಫ್ಲೈವೀಲ್ ಇಷ್ಟು ಕಿಲೋ, ರೆಸಿಸ್ಟೆನ್ಸ್ ಇಷ್ಟು ಲೆವೆಲ್, ಬ್ಲೂಟೂತ್ ಇದೆ, ಸ್ಪೀಕರ್ ಇದೆ, ಮೊಬೈಲ್ ಇಡೋಕೆ ಜಾಗ ಇದೆ, ನೀರಿನ ಬಾಟಲಿಗೂ ಜಾಗ ಇದೆ. ಪೆಡಲ್ ಬಗ್ಗೆ ಏನಿದೆ? "ಎರ್ಗೋನಾಮಿಕ್ ಆಂಟಿ-ಸ್ಕಿಡ್ ಪೆಡಲ್." ಅಷ್ಟೇ. ಬಾಟಲಿಗೆ ಕೊಟ್ಟ ಮರ್ಯಾದೆ ಪಾದಕ್ಕಿಲ್ಲ! ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ್ರೆ ಇದೇ. ಎರ್ಗೋನಾಮಿಕ್ ಅನ್ನೋದು ಅಳತೆಯ ಶಾಸ್ತ್ರ ಸ್ವಾಮಿ, ವಿಶೇಷಣ ಅಲ್ಲ. ಅಳತೆ ಇಲ್ಲದ ಕಡೆ ಆ ಪದ ಅಂಟಿಸೋದು ಶುದ್ಧ ಮೋಸ. ಜಾರದ ಹಾಗೆ ರಬ್ಬರ್ ಹಾಳೆ ಹಾಕಿದ್ದನ್ನೇ ಎರ್ಗೋನಾಮಿಕ್ ಅನ್ನೋದಾದ್ರೆ ನಮ್ಮ ಬಾತ್‌ರೂಮಿನ ಮ್ಯಾಟೂ ಎರ್ಗೋನಾಮಿಕ್ಕೇ.

ಸೈಕಲ್ ಲೋಕ ನೋಡಿ ಕಲಿಯಬೇಕು. ಅಲ್ಲಿ ಎರಡು ಪೆಡಲ್ ಕ್ರ್ಯಾಂಕ್‌ಗಳ ಹೊರಮೈ ನಡುವಿನ ಅಂತರಕ್ಕೆ ಕ್ಯೂ ಫ್ಯಾಕ್ಟರ್ ಅಂತ ಹೆಸರೇ ಇದೆ. ರೋಡ್ ಬೈಕ್‌ಗಳಲ್ಲಿ ಸುಮಾರು 150 ಮಿಲಿಮೀಟರ್. ಮಿಲಿಮೀಟರ್ ಲೆಕ್ಕದಲ್ಲಿ ಅದನ್ನ ಛಾಪಿಸಿ ಕೊಡ್ತಾರೆ, ಸವಾರರು ಅದರ ಬಗ್ಗೆ ಗಂಟೆಗಟ್ಟಲೆ ಜಗಳ ಆಡ್ತಾರೆ. ಎಲಿಪ್ಟಿಕಲ್ ಕೊಳ್ಳೋನು ಅದೇ ಪ್ರಶ್ನೆ ಕೇಳಿದ್ರೆ ಸೇಲ್ಸ್‌ಮನ್ "ಸಾರ್, ಇದರಲ್ಲಿ ಹಾರ್ಟ್ ರೇಟ್ ಬರತ್ತೆ" ಅಂತಾನೆ.

ಎದುರು ವಾದಗಳು ಏನೇನು ಬರ್ತವೆ ಅಂತ ಗೊತ್ತು. ಮೊದಲೇ ಉತ್ತರ ಕೊಟ್ಟುಬಿಡ್ತೀನಿ.

"ಒಳ್ಳೆ ಪೆಡಲ್ ಮಾಡಿದ್ರೆ ರೇಟ್ ಜಾಸ್ತಿ ಆಗತ್ತೆ." ಅರ್ಧ ನಿಜ. ಪೆಡಲ್‌ಗಳನ್ನ ಹತ್ತಿರ ತರಬೇಕಂದ್ರೆ ನಡುವಿನ ಚೌಕಟ್ಟನ್ನ ಬೇರೆ ಥರ ಹೂಡಬೇಕು, ಅದಕ್ಕೆ ಖರ್ಚಿದೆ, ಒಪ್ತೀನಿ. ಆದ್ರೆ ಎರಡು ಡಿಗ್ರಿ ಇಳಿಜಾರಿಗೆ ಅಚ್ಚು ಒಂದು ಸಲ ಬದಲಾಯಿಸಿದ್ರೆ ಸಾಕು. ಕೋನ ಹೊಂದಿಸೋಕೆ ಎರಡು ಮೂರು ತೂತು ಕೊರೆದ್ರೆ ಸಾಕು. ಅಂತರ ಎಷ್ಟು ಅಂತ ಡಬ್ಬದ ಮೇಲೆ ಬರೆಯೋಕೆ ಎಷ್ಟು ಖರ್ಚು? ಶಾಯಿ ಖರ್ಚು.

"ಸ್ಟ್ಯಾಂಡರ್ಡ್ ಪ್ರಕಾರ ಟೆಸ್ಟ್ ಆಗಿದೆ." ಆಗಿರಲಿ, ಸಂತೋಷ. ಎಲಿಪ್ಟಿಕಲ್‌ಗೆ ಅಂತಲೇ ಐಎಸ್‌ಒ 20957-9 ಅನ್ನೋ ಮಾನದಂಡ ಇದೆ. ಅದರ ಹೆಸರಲ್ಲೇ ಇದೆ, ಅದು ಸುರಕ್ಷತೆಯ ಅಗತ್ಯಗಳು ಮತ್ತು ಪರೀಕ್ಷೆಯದ್ದು ಅಂತ. ಮಷಿನ್ ಮುರಿದು ಬೀಳಲ್ಲ ಅನ್ನೋದು ಬೇರೆ, ನನ್ನ ಪಕ್ಕದ ಮನೆಯವರ ಪಾದಕ್ಕೆ ಒಗ್ಗುತ್ತೆ ಅನ್ನೋದು ಬೇರೆ.

"ಒಳ್ಳೆ ಶೂ ತಗೊಳ್ಳಿ." ತಗೋಬೇಕು, ಬೆರಳ ಕಡೆ ಅಗಲ ಇರೋದು ತಗೋಬೇಕು. ಆದ್ರೆ ಡೊಂಕು ನೆಲದ ಮೇಲೆ ಎಷ್ಟು ಒಳ್ಳೆ ಶೂ ಹಾಕಿದ್ರೂ ನೆಲ ಡೊಂಕೇ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂದ್ರೆ ಹೀಗೇ. ಬಗ್ ಇರೋದು ಪೆಡಲ್‌ನಲ್ಲಿ, ಪ್ಯಾಚ್ ಹಾಕ್ತಿರೋದು ಮನುಷ್ಯರ ಕಾಲಿಗೆ.

"ಎಲ್ಲರ ಅಳತೆಗೂ ಮಾಡೋಕಾಗತ್ತಾ?" ಎಲ್ಲರ ಅಳತೆ ಬೇಡ, ಮೊದಲು ನಮ್ಮವರ ಅಳತೆಗಾದ್ರೂ ಮಾಡಿ. ಚೆನ್ನೈನ ಸಿಎಲ್‌ಆರ್‌ಐ, ಅದೇ ಚರ್ಮ ಸಂಶೋಧನಾ ಸಂಸ್ಥೆ, 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ 79 ಜಾಗಗಳಲ್ಲಿ 1,01,880 ಜನರ ಪಾದ ಅಳೆಯಿತು. ಭಾರತೀಯರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲ ಅಂತ ಹೊರಬಿತ್ತು. ಅದರ ಮೇಲೆ ಚಪ್ಪಲಿ ಶೂಗಳಿಗೆ 'ಭ' ಅನ್ನೋ ನಮ್ಮದೇ ಸೈಜ್ ಪದ್ಧತಿ ಪ್ರಸ್ತಾಪ ಆಯ್ತು. ಅಂದ್ರೆ ಲಕ್ಷ ಜನರ ಪಾದದ ಮಾಹಿತಿ ದೇಶದ ಕೈಯಲ್ಲೇ ಇದೆ. ಹಿಂದೆ ಊರಲ್ಲಿ ಚಪ್ಪಲಿ ಹೊಲಿಯೋರು ಕಾಗದದ ಮೇಲೆ ಪಾದ ಇಡಿಸಿ ಸುತ್ತ ಗೆರೆ ಎಳೆದುಕೊಳ್ತಿದ್ರು. ಅವರಿಗಿದ್ದ ಸೌಜನ್ಯ ಲಕ್ಷ ರೂಪಾಯಿ ಮಷಿನ್ ಮಾರೋರಿಗೆ ಇಲ್ಲ ಅಂದ್ರೆ ಹೆಂಗೆ?

ಹಾಗಾದ್ರೆ ಏನು ಮಾಡೋಣ? ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನಲ್ಲಿ ಇರೋರು ದಯವಿಟ್ಟು ಕೇಳಿ. ಮುಂದಿನ ಸಲ ಮಷಿನ್ ತರೋ ಮುಂಚೆ ಒಂದು ಟೇಪು ಹಿಡಿದು ಅಂಗಡಿಗೆ ಹೋಗಿ. ಪೆಡಲ್ ಒಳ ಅಂಚುಗಳ ಅಂತರ ಅಳೆಯಿರಿ. ಹೆಜ್ಜೆಯ ಉದ್ದ ಅಳೆಯಿರಿ. ಪೆಡಲ್ ಕೋನ ಬದಲಾಯಿಸಬಹುದಾ ಕೇಳಿ. ಕಮಿಟಿಯ ಅತಿ ಕುಳ್ಳಗಿನವರನ್ನೂ ಅತಿ ಎತ್ತರದವರನ್ನೂ ಜೊತೆಗೆ ಕರಕೊಂಡು ಹೋಗಿ, ತಮ್ಮ ತಮ್ಮ ಶೂ ಹಾಕಿಕೊಂಡು ತಲಾ 15 ನಿಮಿಷ ಓಡಿಸಲಿ. ಎರಡು ನಿಮಿಷದ ಡೆಮೋದಲ್ಲಿ ಎಲ್ಲ ಪೆಡಲ್ಲೂ ಸುಖವೇ. ಜೋಮು ಹತ್ತನೇ ನಿಮಿಷಕ್ಕೆ ಬರೋದು. ಅಂಗಡಿಯವನು ಬೇಡ ಅಂದ್ರೆ ಆ ಅಂಗಡಿಯೇ ಬೇಡ.

ಈಗಾಗಲೇ ಮಷಿನ್ ಇದ್ದವರಿಗೆ: ಪೆಡಲ್‌ನ ಒಳ ಅಂಚಿಗೆ ನಿಲ್ಲಿ, ಸ್ವಲ್ಪ ಹಿಂದಕ್ಕೆ ಸರಿದು ಹಿಮ್ಮಡಿಗೂ ತೂಕ ಕೊಡಿ. ಲೇಸು ಬೆರಳ ಕಡೆ ಸಡಿಲ ಮಾಡಿ. ಹಿಡಿಯನ್ನ ಬಿಗಿಯಾಗಿ ಹಿಡಿದು ಮುಂದಕ್ಕೆ ಬಾಗಬೇಡಿ, ಬಾಗಿದಷ್ಟೂ ತೂಕ ಬೆರಳಿಗೆ ಹೋಗುತ್ತೆ. ಐದು ನಿಮಿಷಕ್ಕೊಮ್ಮೆ ಸ್ವಲ್ಪ ಹೊತ್ತು ಹಿಂದಕ್ಕೆ ತುಳಿಯಿರಿ. ಹತ್ತು ನಿಮಿಷಕ್ಕೊಮ್ಮೆ ಇಳಿದು ನಾಲ್ಕು ಹೆಜ್ಜೆ ನೆಲದ ಮೇಲೆ ನಡೆಯಿರಿ. ಇವೆಲ್ಲ ತಾತ್ಕಾಲಿಕ ತೇಪೆಗಳು ಅನ್ನೋದು ನೆನಪಿರಲಿ. ತೇಪೆ ಹಾಕಿಕೊಂಡು ಓಡಾಡೋದು ನಮ್ಮ ಕರ್ಮ, ತೂತು ಮಾಡಿ ಮಾರಿದವರು ಮಾತ್ರ ಆರಾಮಾಗಿದ್ದಾರೆ.

ಎಷ್ಟೋ ಮನೆಗಳಲ್ಲಿ ಎಲಿಪ್ಟಿಕಲ್ ಮಷಿನ್ ಬಾಲ್ಕನಿ ಸೇರಿ ಟವೆಲ್ ಒಣಗಿಸೋ ಸ್ಟ್ಯಾಂಡ್ ಆಗಿದೆ. ಅದನ್ನ ನೋಡಿ ನಾವೆಲ್ಲ ಜೋಕ್ ಮಾಡ್ತೀವಿ, ಮನೆಯವರ ಉತ್ಸಾಹ ಎರಡೇ ವಾರ ಅಂತ. ಮುಂದೆ ಜೋಕ್ ಮಾಡೋ ಮುಂಚೆ ಆ ಟವೆಲ್ ಸರಿಸಿ ಪೆಡಲ್ ಕಡೆ ಒಂದು ಸಲ ನೋಡಿ.

ಬ್ಲಾಗು ಮಿತ್ರರೇ, ನಿಮ್ಮಲ್ಲಿ ಯಾರ ಮನೇಲಿ, ಯಾರ ಅಪಾರ್ಟ್‌ಮೆಂಟಲ್ಲಿ ಈ ಮಷಿನ್ ಇದೆಯೋ ಅವರು ಒಂದು ಉಪಕಾರ ಮಾಡಿ. ಪೆಡಲ್ ಮಧ್ಯದಿಂದ ಮಧ್ಯಕ್ಕೆ ಅಂತರ, ಹೆಜ್ಜೆಯ ಉದ್ದ, ನಿಮ್ಮ ಎತ್ತರ, ಜೋಮು ಹಿಡಿಯುತ್ತಾ ಇಲ್ವಾ, ಈ ನಾಲ್ಕನ್ನ ಕಾಮೆಂಟಲ್ಲಿ ಬರೀರಿ. ಕಂಪನಿಯವರು ಛಾಪಿಸದ ಪಟ್ಟಿಯನ್ನ ನಾವೇ ಮಾಡೋಣ. ಐವತ್ತು ಜನ ಬರೆದ್ರೂ ಸಾಕು, ಟೇಬಲ್ ಮಾಡಿ ಹಾಕೋ ಜವಾಬ್ದಾರಿ ನಂದು. ಬೈಯೋರು ಇದ್ರೆ ಅವರೂ ಬೈಯಿರಿ, ಆದ್ರೆ ಅಳತೆ ತಗೊಂಡು ಬಂದು ಬೈಯಿರಿ :-)